ಕಾಲು ಚಾಚುವಷ್ಟು ಜಾಗ

ಬೆಳಗಿನ ಐದೂಕಾಲು. ಜನಕಪುರಿಯ ಹಿಂದಿನ ಗಲ್ಲಿಯಲ್ಲಿ ಮಂಜು ಎಷ್ಟು ದಟ್ಟವಾಗಿದೆಯೆಂದರೆ ಎದುರು ಮನೆಯ ಗೇಟೂ ಕಾಣುತ್ತಿಲ್ಲ. ಅಣ್ಣು ಶೆಟ್ಟರು ಬಿಳಿ ವ್ಯಾನಿನ ಹಿಂಬಾಗಿಲನ್ನು ಮೇಲಕ್ಕೆತ್ತಿ, ಹೆಂಡತಿ ನೀಲಾವತಿಯ ಜೊತೆ ನಲವತ್ತು ಲೀಟರಿನ ಗಂಜಿಯ ಪಾತ್ರೆಯನ್ನು ಒಳಗೆ ತಳ್ಳುತ್ತಾರೆ. ಬಿಸಿ ಆರದಂತೆ ಅದಕ್ಕೆ ಹಳೆಯ ಹತ್ತಿ ಸೀರೆ ಸುತ್ತಿದ್ದಾರೆ. ಪಕ್ಕದಲ್ಲಿ ಇನ್ನೂರು ಇಡ್ಲಿಯ ಡಬ್ಬ, ಮಿಡಿ ಉಪ್ಪಿನಕಾಯಿಯ ಭರಣಿ, ಚಟ್ನಿಯ ಕ್ಯಾನು. ಇಷ್ಟಾದ ಮೇಲೂ ವ್ಯಾನಿನ ಒಂದು ಮಗ್ಗುಲು ಉದ್ದಕ್ಕೂ ಖಾಲಿ. ಅಲ್ಲಿ ಒಂದು ಹಾಸಿಗೆಯನ್ನು ಮಡಚಿಟ್ಟಿದ್ದಾರೆ.

"ಅಲ್ಲಿ ಏನೂ ಇಡಬೇಡಿ" ಎಂದು ಅಲ್ಲಿ ಚೀಲ ಇಡಲು ಹೋದ ಪತ್ರಿಕೆಯವರಿಗೆ ಹೇಳುತ್ತಾರೆ ಅಣ್ಣು. "ಅದು ಮಲಗುವವರ ಜಾಗ."

ಆರು ಗಂಟೆಗೆ ವ್ಯಾನು ದೊಡ್ಡಾಸ್ಪತ್ರೆಯ ಪಕ್ಕದ ರಸ್ತೆಯಲ್ಲಿ ನಿಲ್ಲುತ್ತದೆ. ಬೀದರಿನವರು, ಬಳ್ಳಾರಿಯವರು, ಕಾರವಾರದವರು ಲೋಟ, ಡಬ್ಬಿ, ಪ್ಲಾಸ್ಟಿಕ್ ಮಗ್ಗು ಹಿಡಿದು ಬರುತ್ತಾರೆ. ಇವರೆಲ್ಲ ಚಿಕಿತ್ಸೆಗೆಂದು ದಿಲ್ಲಿಗೆ ಬಂದು ಫುಟ್‌ಪಾತಿನಲ್ಲೋ ಧರ್ಮಶಾಲೆಯಲ್ಲೋ ವಾರಗಟ್ಟಲೆ ಕಾಯುವ ಜನ. ದಿನಕ್ಕೆ ಎಂಬತ್ತು ಮಂದಿ. ಕೊಡಲಾಗುವವರು ಐದು ರೂಪಾಯಿ ಡಬ್ಬಕ್ಕೆ ಹಾಕುತ್ತಾರೆ. ಹಾಕದವರು ಯಾರೆಂದು ಅಣ್ಣು ನೋಡುವುದಿಲ್ಲ.

ಕುಂದಾಪುರದ ಕಡೆಯ ಅಣ್ಣು ಹತ್ತೊಂಬತ್ತರ ವಯಸ್ಸಿಗೆ ದಿಲ್ಲಿಗೆ ಬಂದವರು. ಈಗ ಐವತ್ತೆರಡು. ದಂಪತಿಗೆ ಜನಕಪುರಿಯಲ್ಲಿ ಆರು ಮೇಜಿನ ಸಣ್ಣ ಹೋಟೆಲಿದೆ. ಹನ್ನೊಂದು ವರ್ಷದ ಹಿಂದೆ ಕಾಮಾಲೆಯಾಗಿ ಅವರೇ ಇದೇ ಆಸ್ಪತ್ರೆಯಲ್ಲಿ ಮಲಗಿದ್ದಾಗ ನೀಲಾವತಿ ಮನೆಯಿಂದ ಗಂಜಿ ತರುತ್ತಿದ್ದರು. ಪಕ್ಕದ ಮಂಚದ ಮುದುಕರೊಬ್ಬರು ಕನ್ನಡ ಕೇಳಿ ಕಣ್ಣುಬಿಟ್ಟು, "ತಂಗೀ, ಒಂದು ಚಮಚ ನನಗೂ ಹಾಕವ್ವಾ" ಎಂದರಂತೆ. ಗುಣವಾಗಿ ಮನೆಗೆ ಬಂದ ಮರುವಾರವೇ ಅಣ್ಣು ಸ್ಕೂಟರಿಗೆ ಎರಡು ಕ್ಯಾನು ಕಟ್ಟಿಕೊಂಡು ಹೊರಟರು. ಮಳೆಗಾಲದಲ್ಲಿ ಒಮ್ಮೆ ಧೌಲಾ ಕುವಾಂ ತಿರುವಿನಲ್ಲಿ ಸ್ಕೂಟರು ಜಾರಿ ಕುದಿಗಂಜಿ ಕಾಲಿನ ಮೇಲೆ ಸುರಿಯಿತು. ಎಡಪಾದದ ಚರ್ಮ ಇವತ್ತಿಗೂ ಸುಕ್ಕುಗಟ್ಟಿದೆ.

ಇಷ್ಟನ್ನು ಅವರು ಸಲೀಸಾಗಿ ಹೇಳುತ್ತಾರೆ. ವ್ಯಾನು ಯಾವಾಗ ಕೊಂಡಿರಿ ಎಂದು ಕೇಳಿದರೆ ಮಾತ್ರ ಸೌಟು ಪಾತ್ರೆಯಲ್ಲೇ ನಿಂತುಬಿಡುತ್ತದೆ.

"ಇದು ಎರಡನೇ ಗಾಡಿ ಮಾರಾಯ್ರೆ. ಮೊದಲನೆಯದರ ಕಥೆ ಹೇಳಲಿಕ್ಕೆ ನಾಚಿಕೆ ಆಗ್ತದೆ. ಆದ್ರೆ ಅದನ್ನು ಬಿಟ್ಟು ಬರೆದ್ರೆ ನೀವು ಬರೆದದ್ದು ಸುಳ್ಳಾಗ್ತದೆ."

ಸ್ಕೂಟರು ಸಾಕು, ಒಂದು ಕಾರು ತೆಗೆದುಕೊಳ್ಳೋಣ ಎಂದು ಮನೆಯಲ್ಲಿ ಮಾತು ಬಂದದ್ದು ಎರಡು ವರ್ಷದ ಹಿಂದೆ, ಎರಡು ಸಾವಿರದ ಏಳರಲ್ಲಿ. ಪಾತ್ರೆ ಹಿಡಿಯುವ, ಮೂವರು ಕೂರುವ, ಕೈಗೆಟುಕುವ ಗಾಡಿ ನೋಡಿ ಎಂದು ನೀಲಾವತಿ ಹೇಳಿದ್ದರು. ವ್ಯಾನು ಎನ್ನುತ್ತಿದ್ದಂತೆ ಹನ್ನೊಂದನೇ ಕ್ಲಾಸಿನಲ್ಲಿದ್ದ ಮಗಳು ನಿರೀಕ್ಷಾ, "ಪಪ್ಪಾ ಪ್ಲೀಸ್, ವೋ ತೋ ಸ್ಕೂಲ್‌ವಾಲಿ ವ್ಯಾನ್ ಹೈ, ನಾನು ಅದರಲ್ಲಿ ಕೂರಲ್ಲ" ಎಂದಳು. ಅಣ್ಣು ಒಬ್ಬರೇ ಶೋರೂಮಿಗೆ ಹೋಗಿ ಬೆಳ್ಳಿ ಬಣ್ಣದ ಚಿಕ್ಕ ಕಾರು ಬುಕ್ ಮಾಡಿ ಬಂದರು.

"ಎಲ್ಲರ ಹತ್ರ ಮಗಳ ಹೆಸರು ಹೇಳಿದೆ. ಆಸೆ ನನ್ನದೇ. ಕನ್ನಡದವರ ಕಾರ್ಯಕ್ರಮಕ್ಕೆ ಎಲ್ಲ ಹೋಟೆಲಿನವರೂ ಕಾರಲ್ಲಿ ಬರ್ತಿದ್ರು. ನಾನೂ ಅವರ ಸಾಲಿನಲ್ಲಿ ನಿಲ್ಲಿಸಬೇಕಿತ್ತು, ಅಷ್ಟೆ."

ಕಾರು ಬಂತು. ಡಿಕ್ಕಿಯಲ್ಲಿ ದೊಡ್ಡ ಪಾತ್ರೆ ಕೂರಲಿಲ್ಲ, ಓರೆ ಮಾಡಿದರೂ ಮುಚ್ಚಳ ತಾಗುತ್ತಿತ್ತು. ಅದರ ಬದಲು ನಾಲ್ಕು ಸಣ್ಣ ಕ್ಯಾನುಗಳು, ಅವುಗಳ ಕೆಳಗೆ ರಟ್ಟು, ರಟ್ಟಿನ ಕೆಳಗೆ ಪ್ಲಾಸ್ಟಿಕ್. ಹಿಂದಿನ ಸೀಟಿನ ಮೇಲೆ ಏನನ್ನೂ ಇಡುತ್ತಿರಲಿಲ್ಲ. ಕಂಪನಿಯವರು ಹೊದಿಸಿದ್ದ ಹಾಳೆಯನ್ನು ಎರಡು ತಿಂಗಳಾದರೂ ಅವರು ತೆಗೆದಿರಲಿಲ್ಲ. ಗಂಜಿ ಅರವತ್ತು ಮಂದಿಗೆ ಮುಗಿದುಹೋಗುತ್ತಿತ್ತು. ಸಾಲಿನ ಕೊನೆಯವರು ಖಾಲಿ ಲೋಟ ಹಿಡಿದು ಹಿಂದಿರುಗುವುದು ಕಾರಿನ ಕನ್ನಡಿಯಲ್ಲಿ ಕಾಣುತ್ತಿತ್ತು.

ಆ ಸಾಲಿನಲ್ಲಿ ದಿನವೂ ನಿಲ್ಲುತ್ತಿದ್ದವರು ಸುಮಿತ್ರಾ. ಗಂಡ ಬಸಪ್ಪ ರೋಣದ ಕಡೆಯವನು, ದಿಲ್ಲಿಯಲ್ಲಿ ಲಾರಿಗೆ ಮೂಟೆ ಹೇರುವ ಆಳು. ಮೂಟೆಗಳು ಬಿದ್ದು ತೊಡೆಯ ಎಲುಬು ನುಚ್ಚಾಗಿತ್ತು. ಆರು ವಾರ ಆಸ್ಪತ್ರೆಯಲ್ಲಿದ್ದ. ಕಾಲಿಗೆ ಹೊರಗಿನಿಂದ ಕಬ್ಬಿಣದ ಸರಳು ಕೂರಿಸಿದ್ದರು, ಗಾಯ ಇನ್ನೂ ಒಸರುತ್ತಿತ್ತು. ಮನೆಗೆ ಕಳಿಸುವ ದಿನ ಬೆಳಿಗ್ಗೆ ಸುಮಿತ್ರಾ ಗಂಜಿ ಹಾಕಿಸಿಕೊಂಡು ಅಲ್ಲೇ ನಿಂತರು.

"ಅಣ್ಣಾರ, ಮಧ್ಯಾಹ್ನ ನಿಜಾಮುದ್ದೀನಿಂದ ರೈಲು ಐತ್ರಿ. ಇವರ ಕಾಲು ಮಡಚಾಕ ಬರಂಗಿಲ್ಲ. ನಿಮ್ಮ ಗಾಡ್ಯಾಗ ಅಲ್ಲೀತನಕ ಬಿಟ್ಟು ಬರ್ತೀರೇನ್ರಿ?"

ಅಣ್ಣುವಿನ ಕಣ್ಣ ಮುಂದೆ ಬಂದದ್ದು ಬಸಪ್ಪನ ಕಾಲಲ್ಲ, ಹಿಂದಿನ ಸೀಟು. ಕೀವಿನ ಕಲೆ. ವಾಸನೆ.

"ಗಾಡಿ ಸರ್ವೀಸಿಗೆ ಕೊಟ್ಟಿದ್ದೇನಮ್ಮ" ಎಂದರು. "ಇವತ್ತು ಆಟೋದಲ್ಲಿ ಬಂದದ್ದು."

ಅವತ್ತು ಗೇಟಿನ ಹತ್ತಿರ ಜಾಗ ಸಿಗದೆ ಕಾರನ್ನು ಹಿಂದಿನ ರಸ್ತೆಯಲ್ಲಿ ನಿಲ್ಲಿಸಿ, ಕ್ಯಾನುಗಳನ್ನು ಹೊತ್ತು ತಂದಿದ್ದರು. ಸುಳ್ಳಿಗೆ ಅದೇ ಅನುಕೂಲವಾಯಿತು. ಅರ್ಧ ಗಂಟೆಯ ನಂತರ ಖಾಲಿ ಕ್ಯಾನುಗಳನ್ನು ಡಿಕ್ಕಿಗೆ ಇಡುತ್ತಿದ್ದಾಗ ಹಿಂದಿನಿಂದ ದನಿ ಕೇಳಿಸಿತು. ಬಸಪ್ಪನಿಗೆಂದು ಎರವಲು ಕೊಟ್ಟಿದ್ದ ಸ್ಟೀಲಿನ ಡಬ್ಬಿಯನ್ನು ಹಿಂದಿರುಗಿಸಲು ಸುಮಿತ್ರಾ ಅಣ್ಣುವನ್ನು ಹುಡುಕಿಕೊಂಡು ಬಂದಿದ್ದರು.

"ತೊಳದು ತಂದೀನ್ರಿ" ಎಂದು ಡಬ್ಬಿ ಕೈಗಿಟ್ಟರು. ಕಾರನ್ನು ನೋಡಿದರು. ಸೀಟಿನ ಮೇಲಿನ ಹಾಳೆಯನ್ನೂ ನೋಡಿದರು. "ಹೊಸಾ ಗಾಡಿ ಛಲೋ ಐತ್ರಿ ಅಣ್ಣಾರ. ಇಷ್ಟು ದಿನ ಉಣ್ಣಾಕ ಹಾಕಿದ್ರಿ, ನಿಮಗ ಪುಣ್ಯ ಬರ್ಲಿ."

ಕೈಮುಗಿದು ಹೋದರು.

"ಬೈದಿದ್ರೆ ಆಗ್ತಿತ್ತು" ಎನ್ನುತ್ತಾರೆ ಅಣ್ಣು. "ಅವರು ಕುಹಕಕ್ಕೆ ಹೇಳಿದ್ದಲ್ಲ, ನಿಜವಾಗಿ ಹೇಳಿದ್ದು. ಆಗಲಾದ್ರೂ ಓಡಿ ಹೋಗಿ, ಬನ್ನಿ ಅಮ್ಮ ಅನ್ನಬಹುದಿತ್ತು. ಸುಳ್ಳು ಹೊರಬಿತ್ತಲ್ಲ, ಇನ್ನು ಮುಖ ತೋರಿಸುವುದು ಹೇಗೆ ಅಂತ ಕಾರೊಳಗೆ ಕೂತುಬಿಟ್ಟೆ."

ಎಷ್ಟು ಹೊತ್ತು ಕೂತಿದ್ದರೋ ಅವರಿಗೇ ಗೊತ್ತಿಲ್ಲ. ಕೊನೆಗೆ ಹೊರಟು ಮುಖ್ಯ ರಸ್ತೆಗೆ ಬಂದರೆ ಸಿಗ್ನಲಿನಲ್ಲಿ ಎದುರಿಗೇ ಒಂದು ಆಟೋ. ಬಸಪ್ಪ ಅಡ್ಡಕ್ಕೆ ಒರಗಿದ್ದಾನೆ, ಸರಳು ಹಾಕಿದ ಕಾಲು ಹೊರಗೆ ಚಾಚಿದೆ. ಸುಮಿತ್ರಾ ಆಟೋದೊಳಗೇ ಕೆಳಗೆ ಕುಕ್ಕರಗಾಲಿನಲ್ಲಿ ಕೂತು ಆ ಕಾಲನ್ನು ಎರಡೂ ಕೈಯಲ್ಲಿ ಎತ್ತಿಹಿಡಿದಿದ್ದಾರೆ. ಪಕ್ಕದಲ್ಲಿ ಬಸ್ಸೊಂದು ಉಜ್ಜುವಷ್ಟು ಹತ್ತಿರ ಬಂದು ನಿಂತಾಗ ಬಸಪ್ಪ ಕಣ್ಣುಮುಚ್ಚಿಕೊಂಡ. ಹಸಿರು ದೀಪ ಬಿತ್ತು. ಆಟೋ ನೇರ ಹೋಯಿತು. ಅಣ್ಣು ಬಲಕ್ಕೆ ತಿರುಗಿಸಿದರು.

ಮೂರು ವಾರ ಯಾರಿಗೂ ಹೇಳಲಿಲ್ಲ. ಒಂದು ಮಧ್ಯಾಹ್ನ ಊಟದ ನಡುವೆ ತಡೆಯಲಾಗದೆ ಹೆಂಡತಿಗೆ ಹೇಳಿದರು. ನೀಲಾವತಿ ಅನ್ನ ಬಡಿಸಿ ಒಳಗೆ ಹೋದರು. ಮರುದಿನ ಬೆಳಿಗ್ಗೆ ನೋಡಿದರೆ ಸೀಟಿನ ಹಾಳೆ ಚಿಂದಿಯಾಗಿ ಕಸದ ಬುಟ್ಟಿಯಲ್ಲಿತ್ತು.

"ಇದನ್ನು ಮಾರಿ" ಎಂದರು ನೀಲಾವತಿ. "ಈ ಸಲ ಗಾಡಿ ನೋಡಲಿಕ್ಕೆ ನಾನೂ ಬರ್ತೇನೆ."

ಇಬ್ಬರೂ ಬರಿಗೈಯಲ್ಲಿ ಹೋಗಲಿಲ್ಲ, ಗಂಜಿಯ ಪಾತ್ರೆಯನ್ನೇ ಆಟೋದಲ್ಲಿಟ್ಟುಕೊಂಡು ಹೋದರು. ಹಳೆ ಗಾಡಿ ಮಾರುವವನು ಮೈಲೇಜು, ಮ್ಯೂಸಿಕ್ ಸಿಸ್ಟಮ್ ಎಂದು ಶುರುಮಾಡಿದ. ನೀಲಾವತಿ ಅವನನ್ನು ತಡೆದು, "ಭಯ್ಯಾ, ವೋ ಸಬ್ ಛೋಡೋ, ಪೀಛೆ ಕಾ ದರ್ವಾಜಾ ಖೋಲೋ" ಎಂದು ಹಿಂಬಾಗಿಲು ತೆಗೆಸಿದರು. ಪಾತ್ರೆ ನೆಟ್ಟಗೆ ಕೂರಬೇಕು. ಸೊಂಟದೆತ್ತರಕ್ಕಿಂತ ಮೇಲೆ ಎತ್ತುವಂತಿರಬಾರದು. ನೆಲ ಮಟ್ಟಸವಾಗಿರಬೇಕು. ಅವರು ಒಂದೊಂದಾಗಿ ನೋಡುತ್ತಿದ್ದಂತೆ ಅಣ್ಣು ಚಪ್ಪಲಿ ಬಿಟ್ಟು, ಒಳಗೆ ಹತ್ತಿ, ಅಂಗಾತ ಮಲಗಿಬಿಟ್ಟರು.

"ಅಂಕಲ್‌ಜೀ, ತಬಿಯತ್ ಠೀಕ್ ಹೈ?" ಮೈಗೆ ಹುಷಾರಿಲ್ಲವೇನೋ ಎಂದು ಮಾರುವವನು ಗಾಬರಿಯಾದ.

"ಠೀಕ್ ಹೈ" ಎಂದು ಮಲಗಿದಲ್ಲಿಂದಲೇ ಹೇಳಿ, ಹೆಂಡತಿಯ ಕಡೆ ತಿರುಗಿ ಕನ್ನಡದಲ್ಲಿ, "ಸಾಲದು. ಬಸಪ್ಪ ನನಗಿಂತ ಎತ್ತರ. ಇನ್ನೂ ಅರ್ಧ ಅಡಿ ಬೇಕು" ಎಂದರು.

ಮೂರು ಕಡೆ ಹೀಗೆ ಮಲಗಿ ಎದ್ದ ಮೇಲೆ ಈ ವ್ಯಾನು ಸಿಕ್ಕಿತು. ನಾಲ್ಕು ವರ್ಷ ಓಡಿದ್ದು. ಜಾರುಬಾಗಿಲು, ಮಡಚಿದರೆ ಕಾಣದಂತಾಗುವ ಸೀಟು. ಕಳೆದ ವರ್ಷದಿಂದ ನೂರ ಹನ್ನೊಂದು ರೋಗಿಗಳು ಇದರಲ್ಲಿ ಮಲಗಿ ಸ್ಟೇಷನ್ನಿಗೆ ಹೋಗಿದ್ದಾರೆ. ಲೆಕ್ಕ ನೀಲಾವತಿಯದು, ಗೋಡೆಯ ಕ್ಯಾಲೆಂಡರಿನಲ್ಲಿ ಗೀಟು ಹಾಕುತ್ತಾರೆ. ನಿರೀಕ್ಷಾ ಈಗ ಕಾಲೇಜಿನಲ್ಲಿದ್ದಾಳೆ. ಮೊದಮೊದಲು ಕಾಲೇಜಿಗೆ ಎರಡು ಗಲ್ಲಿ ಮುಂಚೆಯೇ ಇಳಿಯುತ್ತಿದ್ದಳು. ಹೋದ ತಿಂಗಳು, ಹಿಂದೆ ಮಲಗಿದ್ದ ಅಜ್ಜಿಯೊಬ್ಬರು ಕೈ ಬಿಡದಿದ್ದಕ್ಕೆ ಕ್ಲಾಸು ತಪ್ಪಿಸಿ ಸ್ಟೇಷನ್ನಿನ ತನಕ ಹೋದಳು.

ನವೆಂಬರಿನಲ್ಲಿ ಇಲ್ಲಿನ ಕನ್ನಡದವರು ಅಣ್ಣುವಿಗೆ ಸನ್ಮಾನ ಇಟ್ಟುಕೊಂಡಿದ್ದರು. ಅಣ್ಣು ಹೋಗಲಿಲ್ಲ. "ಶಾಲು ಹೊದಿಸ್ತಾರೆ. ಅದರೊಳಗೆ ಇರುವವನು ಯಾರು ಅಂತ ನನಗೆ ಗೊತ್ತುಂಟಲ್ಲ."

ಬಸಪ್ಪ ಏನಾದನೆಂದು ಅವರಿಗೆ ತಿಳಿದಿಲ್ಲ. ರೋಣದ ಕಡೆ ಎಂಬುದಷ್ಟೇ ಗೊತ್ತು, ಊರಿನ ಹೆಸರನ್ನು ಆಗ ಕೇಳಿರಲಿಲ್ಲ. ಗದಗದ ಕಡೆಯವರು ಬಂದರೆ ಗಂಜಿ ಹಾಕುತ್ತ ವಿಚಾರಿಸುತ್ತಾರೆ. "ಯಾವ ಬಸಪ್ಪ ಅಣ್ಣಾರ, ನಮ್ಮ ಒಂದ ಊರಾಗ ಎಂಟು ಮಂದಿ ಅದಾರ" ಎಂದು ಅವರು ನಗುತ್ತಾರೆ.

ಏಳೂವರೆಗೆ ಪಾತ್ರೆ ಖಾಲಿಯಾಗುತ್ತದೆ. ಫೋಟೋ ಬೇಡವೆಂದು ಮೊದಲೇ ಹೇಳಿದ್ದ ಅಣ್ಣು ಈಗ ಕೈ ಒರೆಸಿಕೊಂಡು ಪತ್ರಿಕೆಯವರ ಹತ್ತಿರ ಬರುತ್ತಾರೆ.

"ನಿಮ್ಮ ಪೇಪರ್ ರೋಣದ ಕಡೆ ಹೋಗ್ತದಾ?"

ಹೋಗುತ್ತದೆ ಎಂದಾಗ ವ್ಯಾನಿನ ಜಾರುಬಾಗಿಲು ತೆಗೆದು ಅದರ ಪಕ್ಕ ನಿಲ್ಲುತ್ತಾರೆ.

"ಹಾಗಾದ್ರೆ ಫೋಟೋ ತೆಗೀರಿ. ನನ್ನ ಗುರುತು ಸಿಗುವ ಹಾಗೆ ತೆಗೀರಿ. ಅವತ್ತು ಗಾಡಿ ಸರ್ವೀಸಿಗೆ ಹೋಗಿರ್ಲಿಲ್ಲ ಅಂತ ನಾನೇ ಹೇಳಿದೆ ಅಂತ ಬರೀರಿ."