ಬಚ್ಚಲಗೂಡಿನ ಡಬ್ಬಿಗಳು

ಅಜ್ಜಿಯ ಎರಡೂ ಅಂಗೈಗಳು ಸೀಗೆಕಾಯಿ ತಿಕ್ಕಿ ತಿಕ್ಕಿ ಹಳೆಯ ತಾಮ್ರದ ಬಣ್ಣಕ್ಕೆ ತಿರುಗಿದ್ದವು. ಗೆರೆಗಳೇ ಸವೆದುಹೋಗಿದ್ದವು. ಬಲಗೈಯ ಉಂಗುರದ ಬೆರಳಿನ ತುದಿ ಮಾತ್ರ, ಕಡಲೆಕಾಳಿನಷ್ಟು ಜಾಗ, ಬೆಳ್ಳಗೆ ಬಿಳಿಚಿಕೊಂಡಿತ್ತು. ತೊನ್ನಿರಬೇಕು ಅಂದುಕೊಂಡು ನಾನು ಯಾವತ್ತೂ ಕೇಳಲಿಲ್ಲ.

ಸಂಡೂರಿನ ಹತ್ತಿರದ ಗಣಿಯೊಂದರಲ್ಲಿ ಅದಿರಿನ ಲಾರಿಗಳನ್ನು ತೂಗುವ ಕಚೇರಿಯಲ್ಲಿ ನನಗೆ ಕಂಪ್ಯೂಟರ್ ಕೆಲಸ ಸಿಕ್ಕಿದಾಗ ಅವರ ಮನೆಯ ಹಿಂದಿನ ಕೋಣೆಗೆ ಬಾಡಿಗೆಗೆ ಬಂದೆ. ನಾನು ಹೊಸಪೇಟೆಯವಳು, ಸ್ವಲ್ಪ ಜಂಬದವಳು. ಓಣಿಯವರೆಲ್ಲ ಅವರನ್ನು ನೀರೆರೆಯುವ ಅಜ್ಜಿ ಅನ್ನುತ್ತಿದ್ದರು. ಹುಟ್ಟಿದ ಕೂಸಿಗೂ ಅವರೇ ನೀರೆರೆಯಬೇಕು, ಸತ್ತವರಿಗೂ ಅವರೇ. ಎರಡಕ್ಕೂ ಒಂದೇ ತಂಬಿಗೆ ಎಂದು ಹೆಂಗಸರು ಪಿಸುಗುಡುತ್ತಿದ್ದರು. ಅದು ಸುಳ್ಳು, ತಂಬಿಗೆ ಬೇರೆ ಬೇರೆ ಇದ್ದವು. ಕೈ ಮಾತ್ರ ಅದೇ.

ಮೊದಲ ದಿನ ಬೀಗದ ಕೈ ಕೊಡುವ ಮುಂಚೆ ನನ್ನ ತಲೆ ಬಗ್ಗಿಸಿ ನೆತ್ತಿ ಮೂಸಿದರು. ಯಾರೇ ಬಂದರೂ ಅವರದು ಇದೇ ಅಭ್ಯಾಸ.

"ಎಂಟು ನಮೂನಿ ವಾಸನಿ ಐತಿ ತಂಗಿ. ಅದ್ರಾಗ ನಿಂದು ಒಂದೂ ಇಲ್ಲ" ಅಂದರು.

ನನಗೆ ಸಿಟ್ಟು ಬಂತು. ಕೋಣೆಗೆ ಹೋಗಿ ನನ್ನ ಶಾಂಪೂ, ಸೋಪು, ಪೌಡರು, ಸೆಂಟು, ಕ್ರೀಮುಗಳನ್ನು ಎಣಿಸಿದೆ. ಸರಿಯಾಗಿ ಎಂಟಿದ್ದವು. ಎಂಟನೆಯದನ್ನು ನಾನು ಯಾರಿಗೂ ತೋರಿಸಿರಲಿಲ್ಲ. ಬಟ್ಟೆಯ ಪೆಟ್ಟಿಗೆಯ ತಳದಲ್ಲಿತ್ತು.

ಸಂಡೂರಿನಲ್ಲಿ ಯಾರ ತಲೆ ತೊಳೆದರೂ ಮೊದಲ ನೀರು ಕೆಂಪು. ಅದಿರಿನ ಧೂಳು. ನನ್ನ ಕೂದಲು ಹಿಡಿಹಿಡಿಯಾಗಿ ಉದುರತೊಡಗಿದಾಗ ಜಂಬ ಬಿಟ್ಟು ಅಜ್ಜಿಯ ಹತ್ತಿರ ಹೋದೆ. ಎಲ್ಲವನ್ನೂ ಇವತ್ತೇ ಎಸೆದುಬಿಡುತ್ತೇನೆ ಎಂದೆ.

"ಬ್ಯಾಡ. ಎಲ್ಲಾ ಒಮ್ಮಿಗೇ ಬಿಟ್ರ ನಾಕು ದಿನಕ್ಕ ಎಲ್ಲಾ ಒಮ್ಮಿಗೇ ಹಿಡೀತಿ. ಅಮಾಸಿಗೊಂದು ತಂದು ಕೊಡು."

ಹಾಗೆ ನಡೆಯಿತು. ಮೊದಲ ಅಮಾವಾಸ್ಯೆಗೆ ಶಾಂಪೂ ಹೋಯಿತು. ಸೀಗೆಕಾಯಿ, ಮೆಂತ್ಯ, ಒಣಗಿದ ದಾಸವಾಳದ ಎಲೆಯ ಪುಡಿ ಬಂತು. ಹದಿನೈದು ದಿನ ತಲೆ ತೆಂಗಿನ ನಾರಿನಂತಾಗಿ ಅಜ್ಜಿಯನ್ನು ಮನಸಾರೆ ಬೈದುಕೊಂಡೆ. ಆಮೇಲೆ ಕೂದಲು ಮೆತ್ತಗಾಯಿತು. ಸೋಪಿನ ಬದಲು ಹೆಸರುಹಿಟ್ಟು ಬಂತು. ಗಿಡದ್ದೆಲ್ಲ ಒಳ್ಳೆಯದು ಎಂಬ ಭ್ರಮೆಯೂ ಅವರಿಗಿರಲಿಲ್ಲ. ನಾನು ಲಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋಗಿ ಕೆನ್ನೆ ಸುಟ್ಟುಕೊಂಡಾಗ ಚೆನ್ನಾಗಿ ಬೈದರು. ಏನೇ ಇರಲಿ, ಮೊದಲು ಮೊಣಕೈ ಒಳಮಗ್ಗುಲಿಗೆ ಹಚ್ಚಿ ಎರಡು ದಿನ ಕಾಯಬೇಕು.

ಕೊಟ್ಟ ಡಬ್ಬಿಗಳನ್ನು ಅವರು ಎಸೆಯುತ್ತಿರಲಿಲ್ಲ. ಬಚ್ಚಲಗೋಡೆಯ ಉದ್ದನೆಯ ಗೂಡಿನಲ್ಲಿ ಸಾಲಾಗಿ ಇಡುತ್ತಿದ್ದರು. ಓಣಿಯ ಎಷ್ಟೋ ಹೆಂಗಸರವು ಅಲ್ಲಿದ್ದವು. ಸ್ನಾನಕ್ಕೆ ಕೂತರೆ ಅಷ್ಟೂ ಜನ ಬಾಯಿ ಮುಚ್ಚಿಕೊಂಡು ನನ್ನನ್ನೇ ನೋಡುತ್ತಿರುವ ಹಾಗೆ ಆಗುತ್ತಿತ್ತು. ನಾನು ಬೆನ್ನು ತಿರುಗಿಸಿ ಕೂರುತ್ತಿದ್ದೆ.

ಏಳು ಕೊಟ್ಟೆ. ಎಂಟನೆಯದನ್ನು ಕೊಡಲಿಲ್ಲ. ಅದು ಚೀಟಿಯಿಲ್ಲದ ಬಿಳಿ ಡಬ್ಬಿ, ಮುಖ ಬೆಳ್ಳಗಾಗುವ ಕ್ರೀಮು. ಕಂಪ್ಲಿಯಿಂದ ಅಕ್ಕಿ ಗಿರಣಿಯವರು ಹೆಣ್ಣು ನೋಡಲು ಬರುವವರಿದ್ದರು, ನಾನು ಕಪ್ಪು. ಹಚ್ಚಿದ ಹದಿನೈದೇ ದಿನಕ್ಕೆ ಮುಖ ಬೆಳಗಿತ್ತು. ಬಿಡಲು ನನಗೇನು ಹುಚ್ಚೇ?

ಒಂದು ಬೆಳಿಗ್ಗೆ ನಲ್ಲಿಯ ಹತ್ತಿರ ಅಜ್ಜಿ ನನ್ನ ಗದ್ದ ಹಿಡಿದು ಮುಖ ಎತ್ತಿದರು. ಕಣ್ಣ ಕೆಳಗೆ ಹೆಬ್ಬೆರಳಿನಿಂದ ಒತ್ತಿದರು. ಒತ್ತಿದಲ್ಲಿ ಗುಳಿ ಬಿತ್ತು. ಅದು ಬೇಗ ಮೇಲೇಳಲಿಲ್ಲ.

"ಈ ಮಾರಿ ನಾ ಒಮ್ಮೆ ತೊಳದೀನಿ" ಅಂದರು.

"ನಂದಾ? ಯಾವಾಗ್ರಿ ಅಜ್ಜೀ?"

"ನಿಂದಲ್ಲ. ಬಂಡ್ರಿ ಊರಾಗ ಒಂದು ಹುಡುಗಿದು. ಮೂರು ಕೊಡ ನೀರು ಹಾಕಿದೆ. ಕುತ್ತಿಗಿ ಕರ್ರಗ, ಮಾರಿ ಬೆಳ್ಳಗ. ಜೀವ ಹೋದ್ರೂ ಮಾರಿ ಹೊಳೀತಿತ್ತವ್ವಾ. ಮುಂಜಾನಿ ಹಿಂಗ ಅದರ ಕಣ್ಣೂ ಬಾತಿರ್ತಿದ್ವು."

ಕನ್ನಡಿ ನೋಡಿಕೊಂಡೆ. ಗದ್ದದ ಕೆಳಗೆ ಗೆರೆ ಎಳೆದ ಹಾಗೆ ಬಣ್ಣ ಬೇರೆಯಾಗಿತ್ತು. ಮೇಲಿನ ಮುಖ ಯಾರದೋ ತಂದು ಇಟ್ಟಂತಿತ್ತು. ಹೆದರಿದೆ. ಆದರೂ ಹಚ್ಚಿಕೊಂಡೆ. ಇನ್ನೊಂದೇ ವಾರ, ಕಂಪ್ಲಿಯವರು ಬಂದು ಹೋಗಲಿ ಅಂದುಕೊಂಡೆ.

ಅವರು ಬರುವ ದಿನ ಬೆಳಿಗ್ಗೆ ನನ್ನ ಕಣ್ಣು ತೆರೆಯಲಾಗಲಿಲ್ಲ. ರೆಪ್ಪೆ, ಕಾಲು ಎಲ್ಲ ಬಾತಿದ್ದವು. ಅಜ್ಜಿಯೇ ಕೈಹಿಡಿದು ಹೊಸಪೇಟೆಯ ಆಸ್ಪತ್ರೆಗೆ ಕರೆದೊಯ್ದರು. ಡಾಕ್ಟರು ಪರೀಕ್ಷೆ ಮಾಡಿಸಿ, ಮೂತ್ರಪಿಂಡಕ್ಕೆ ಪೆಟ್ಟಾಗಿದೆ ಎಂದರು. "ಮುಖಕ್ಕೆ ಏನು ಹಚ್ತೀರಿ?" ಎಂದು ಕೇಳಿದರು. ಡಬ್ಬಿ ತರಿಸಿ ನೋಡಿ, ಇಂಥವುಗಳಲ್ಲಿ ಪಾದರಸ ಇರುತ್ತದೆ, ಇನ್ನು ಕೆಲವು ತಿಂಗಳು ಹಚ್ಚಿದ್ದರೆ ಕಷ್ಟವಿತ್ತು ಎಂದರು. ಕಂಪ್ಲಿಯವರು ಆಮೇಲೆ ಬರಲೇ ಇಲ್ಲ. ಪುಣ್ಯಕ್ಕೆ ಊತ ಮಾತ್ರ ನಿಧಾನವಾಗಿ ಇಳಿಯಿತು.

ಎಂಟನೆಯ ಡಬ್ಬಿಯನ್ನು ಅಜ್ಜಿಯ ಕೈಗಿಟ್ಟೆ. ಅವರು ಗೂಡಿನ ಮೂಲೆಗೆ ಕೈಹಾಕಿ ಅಲ್ಲಿದ್ದ ಒಂದು ಡಬ್ಬಿಯನ್ನು ಸರಿಸಿ ಜಾಗ ಮಾಡಿದರು. ಅದೂ ಅಂಥದೇ. ಚೀಟಿಯಿಲ್ಲದ್ದು, ಬಿಳಿಯದು, ಹಳೆಯದಾಗಿ ಹಳದಿಗೆ ತಿರುಗಿತ್ತು.

"ಯಾರ್ದರಿ ಅಜ್ಜೀ ಅದು?"

"ಅದು ಮೊದಲ್ನೇದು" ಅಂದರು.

ಹೋದ ವರ್ಷ ಅಜ್ಜಿ ತೀರಿಕೊಂಡರು. ನಾನು ಅಷ್ಟರಲ್ಲಿ ಅವರ ಪುಡಿ ಕುಟ್ಟುವ ಅಳತೆಯನ್ನೆಲ್ಲ ಕಲಿತಿದ್ದೆ. "ನನಗ ನೀನ ನೀರು ಎರೀಬೇಕು ನೋಡು" ಎಂದು ಮೊದಲೇ ಹೇಳಿಟ್ಟಿದ್ದರು. ನಮ್ಮಲ್ಲಿ ಹೆಣವನ್ನು ಕೂರಿಸುತ್ತಾರೆ. ಅವರನ್ನು ಬಚ್ಚಲಲ್ಲಿ ಕೂರಿಸಿ, ಹಿಂದೆ ನಾನು ಆತು ಹಿಡಿದೆ. ಬಂಡ್ರಿಯಿಂದ ಬಂದಿದ್ದ ಅವರ ತಂಗಿ ನೀರು ತುಂಬಿ ಕೊಡುತ್ತಿದ್ದರು. ತಲೆ ನನ್ನ ಎದೆಗೆ ಒರಗಿತು. ನೆತ್ತಿ ತಾನಾಗಿ ನನ್ನ ಮೂಗಿನ ಕೆಳಗೆ ಬಂತು. ಸೀಗೆಕಾಯಿ, ಹೊಗೆ, ಮತ್ತೆ ಎಲ್ಲದರ ಅಡಿಯಲ್ಲಿ ತೆಳ್ಳಗೆ, ಸಿಹಿಯಾಗಿ, ಆ ಬಿಳಿ ಡಬ್ಬಿಯ ವಾಸನೆ.

ಅವರ ತಂಗಿ ಗೂಡಿನ ಕಡೆ ನೋಡಿ ಮುಖ ಮುಚ್ಚಿಕೊಂಡರು. "ಇನ್ನೂ ಇಟ್ಕೊಂಡಾಳಲ್ಲ! ತನ್ನ ಮಗಳನ್ನ ನೋಡಾಕ ವರನ ಕಡ್ಯಾರು ಬರ್ತಾರಂತ ನಮ್ಮಕ್ಕಾನ ಹೊಸಪೇಟಿಗೆ ಹೋಗಿ ತಂದಿದ್ಲು. ದಿನಾ ಸಂಜಿಮುಂದ ಎದುರಿಗೆ ಕುಂದ್ರಿಸ್ಕೊಂಡು, ಒಂದ ಬೆರಳಿಲೆ, ತಾನ ಹಚ್ತಿದ್ಲು. ಆರು ತಿಂಗ್ಳು. ಹುಡುಗಿಗೆ ಕೊನೀ ನೀರೂ ಆಕೀನ ಹಾಕಿದ್ಲು. ಅವತ್ತಿಂದ ಈ ಕೆಲ್ಸಾ ಹಿಡದ್ಲು."

ಕೊನೆಯ ತಂಬಿಗೆ ನೀರನ್ನು ಅವರ ಬಲಗೈ ಮೇಲೆ ಹಾಕಿದೆ. ಕೆಂಪು ನೀರು ಅಂಗೈ ತುಂಬ ಹರಿದು ಹೋಯಿತು. ಆ ಬೆರಳಿನ ತುದಿ ಬೆಳ್ಳಗೇ ಉಳಿಯಿತು. ಸೀಗೆಪುಡಿ ಹಾಕಿ ಉಜ್ಜಿದೆ, ಇನ್ನೊಮ್ಮೆ ಉಜ್ಜಿದೆ. ಸಾಕು ಬಿಡವ್ವಾ ಎಂದು ಅವರ ತಂಗಿ ನನ್ನ ಕೈ ಹಿಡಿದುಕೊಂಡರು.

ನಾನು ಈಗಲೂ ಅದೇ ಮನೆಯಲ್ಲಿದ್ದೇನೆ. ಓಣಿಯ ಹುಡುಗಿಯರು ಅಮಾವಾಸ್ಯೆಗೊಂದು ಡಬ್ಬಿ ತಂದು ಕೊಡುತ್ತಾರೆ, ನಾನು ಗೂಡಿನಲ್ಲಿಡುತ್ತೇನೆ. ನನ್ನ ಪ್ರಾಣ ಅಜ್ಜಿ ಕೊಟ್ಟದ್ದು, ಅದನ್ನು ತೀರಿಸುವ ದಾರಿ ನನಗೆ ಬೇರೆ ಗೊತ್ತಿಲ್ಲ. ಮೊನ್ನೆ ಹುಡುಗಿಯೊಬ್ಬಳ ಗದ್ದ ಹಿಡಿದು ಮುಖ ಎತ್ತಿದಾಗ ಅವಳು ನನ್ನ ಕೈಯನ್ನೇ ನೋಡುತ್ತಿದ್ದಳು.

"ಅಕ್ಕಾ, ನಿಮ್ಮ ಬೆರಳಿಗೆ ಏನಾಗೇತ್ರಿ? ತುದಿ ಬೆಳ್ಳಗಾಗೇತಿ" ಎಂದಳು.