ಕುಂಕುಮದ ಡಬ್ಬಿಯ ಮಣ್ಣು

ಗೌರಿ ಹಬ್ಬಕ್ಕೆ ಮುಂಚೆ ದೇವರ ಕಪಾಟು ಒರೆಸುವುದು ನನ್ನ ಕೆಲಸ. ಈ ಸಲ ಒರೆಸುವಾಗ ಹಳೇ ಪಂಚಾಂಗಗಳ ಹಿಂದೆ ಹಿತ್ತಾಳೆಯ ಒಂದು ಕುಂಕುಮದ ಡಬ್ಬಿ ಸಿಕ್ಕಿತು. ಮುಚ್ಚಳ ಬಿಗಿದುಕೊಂಡಿತ್ತು. ಬಟ್ಟೆಯಲ್ಲಿ ಹಿಡಿದು ತಿರುಗಿಸಿದರೆ ತಳದಲ್ಲಿ ಚೂರೇ ಚೂರು ಕೆಂಪು. ಅಭ್ಯಾಸಬಲದಿಂದ ಬೆರಳಿಗೆ ತೆಗೆದುಕೊಂಡು ಹಣೆಗೆ ಇಟ್ಟುಕೊಳ್ಳಲು ಹೋದೆ. ಅಂಟಲಿಲ್ಲ, ಉದುರಿಹೋಯಿತು. ಮೂಸಿದರೆ ಮಣ್ಣಿನ ವಾಸನೆ. ಕುಂಕುಮವಲ್ಲ ಅದು... ಲೈಸೆನ್ಸ್ ಅಂಕಲ್ ನೆನಪಾದರು.

ಹಾಗೆ ಕರೆಯುತ್ತಿದ್ದದ್ದು ನಾವು ಐದು ಜನ ಹೆಂಗಸರು, ಅದೂ ಅವರ ಬೆನ್ನ ಹಿಂದೆ. ಎದುರಿಗೆ ಬರೀ ಅಂಕಲ್. ಶಿಕಾಗೋ ಹತ್ತಿರದ ವುಡ್‌ರಿಡ್ಜ್‌ನಲ್ಲಿ ನಮ್ಮ ಬಡಾವಣೆಯಲ್ಲೇ, ಎರಡು ಬೀದಿ ಆಚೆ ಅವರ ಮನೆ. ಎಲ್ಕ್ ಗ್ರೋವ್‌ನ ಕಾರ್ಖಾನೆಯೊಂದರಲ್ಲಿ ಇಡೀ ಜೀವಮಾನ ನಟ್ಟು ಬೋಲ್ಟುಗಳ ಅಳತೆ ನೋಡುವ ಇನ್‌ಸ್ಪೆಕ್ಟರ್ ಆಗಿದ್ದವರು. ರಿಟೈರ್ ಆದ ಮೇಲೆ ಇಲಿನಾಯ್ ರಾಜ್ಯದ ರಿಯಲ್ ಎಸ್ಟೇಟ್ ಲೈಸೆನ್ಸ್ ತೆಗೆದುಕೊಂಡರು. ಆದರೆ ಮನೆ ಮಾರಿಸಿದ್ದಕ್ಕಿಂತ ಕೊಳ್ಳಬೇಡಿ ಎಂದು ತಡೆದದ್ದೇ ಹೆಚ್ಚು. ಬೇಸ್‌ಮೆಂಟ್ ಒದ್ದೆ, ಛಾವಣಿ ಹಳೇದು, ಪೇಪರ್ ಸರಿಯಿಲ್ಲ... ಬೋಲ್ಟಿಗೆ ಹಿಡಿದ ಅಳತೆಯನ್ನೇ ಮನೆಗಳಿಗೂ ಹಿಡಿಯುತ್ತಿದ್ದರು.

ಆ ಲೈಸೆನ್ಸ್ ಪರೀಕ್ಷೆಗೆ ನಾವು ಐವರೂ ಓದುತ್ತಿದ್ದೆವು. ಕೋರ್ಸು ಆನ್‌ಲೈನ್‌ನಲ್ಲಿ, ಡೌಟು ಅಂಕಲ್ ಮನೆಯ ಬೇಸ್‌ಮೆಂಟಿನಲ್ಲಿ. ಪ್ರತಿ ಶನಿವಾರ ಬೆಳಿಗ್ಗೆ ಫೋಲ್ಡಿಂಗ್ ಕುರ್ಚಿ ಹಾಕಿ, ಕಾಸು ತೆಗೆದುಕೊಳ್ಳದೆ, ಬೈದು ಬೈದು ಕಲಿಸುತ್ತಿದ್ದರು. ಹನ್ನೊಂದು ಗಂಟೆಗೆ ಸರಿಯಾಗಿ ಆಂಟಿ ಮೇಲಿಂದ ಒಗ್ಗರಣೆ ಅವಲಕ್ಕಿ ತರುತ್ತಿದ್ದರು. ನಿಜ ಹೇಳಬೇಕೆಂದರೆ ನಮ್ಮಲ್ಲಿ ಇಬ್ಬರು ಬರುತ್ತಿದ್ದದ್ದೇ ಅವಲಕ್ಕಿಗೆ.

ಮೈಸೂರಿನಲ್ಲಿ ನಮ್ಮಪ್ಪನದೊಂದು ಸೈಟಿತ್ತು. ಗುಮಾಸ್ತರಾಗಿದ್ದ ಅಪ್ಪ ಅದನ್ನು ಕೊಂಡರೇ ಹೊರತು ಮನೆ ಕಟ್ಟಲು ಕೈಲಾಗಲಿಲ್ಲ. ಭಾನುವಾರ ನನ್ನನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಹೋಗಿ, ನಾಲ್ಕು ಮೂಲೆಯ ಕಲ್ಲುಗಳೂ ಇವೆಯೇ ಎಂದು ನೋಡಿ, ಕಳೆ ಕಿತ್ತು, ಬರುತ್ತಿದ್ದರು. ಅಷ್ಟೇ ಅವರ ಸಂತೋಷ. ಅಪ್ಪ ಹೋದ ಮೇಲೆ ಅಮ್ಮ ಅದನ್ನು ಮಾರಿ ಹಣ ನನಗೆ ಕೊಟ್ಟು, ಒಂದೇ ಒಂದು ಷರತ್ತು ಹಾಕಿದ್ದಳು.

"ಒಡವೆ ಗಿಡವೆ ಮಾಡಿಸ್ಕೋಬೇಡ, ಷೇರಿಗೆ ಹಾಕ್ಬೇಡ. ಅದರಲ್ಲಿ ನೆಲ ತಗೋ. ನಿಮ್ಮಪ್ಪಂದು ಅಂತ ಎಲ್ಲಾದ್ರೂ ಒಂದು ಕಡೆ ನೆಲ ಇರ್ಲಿ."

ಆ ಡಿಸೆಂಬರಿನಲ್ಲಿ ನಾವು ಹವಾಯಿಗೆ ಹೋಗಿದ್ದೆವು. ಶಿಕಾಗೋ ಚಳಿಗೆ ನನ್ನ ಗಂಡನ ಮಂಡಿ ಹಿಡಿದುಕೊಳ್ಳುತ್ತಿತ್ತು. ಅಲ್ಲಿ ಅವರು ಚಿಕ್ಕ ಹುಡುಗನ ಹಾಗೆ ಓಡಾಡಿದರು. ಸಮುದ್ರ ಕಾಣುವ ಒಂದು ಅಪಾರ್ಟ್‌ಮೆಂಟು ಮಾರಾಟಕ್ಕಿತ್ತು. ನಮ್ಮ ವುಡ್‌ರಿಡ್ಜ್ ಟೌನ್‌ಹೌಸಿಗಿಂತ ಅಗ್ಗ! ನಾನು ನೋಡಬೇಕಾದ್ದನ್ನೆಲ್ಲ ನೋಡಿದೆ. ಬಾಗಿಲು ಪೂರ್ವಕ್ಕಿತ್ತು, ಒಲೆ ಆಗ್ನೇಯಕ್ಕಿತ್ತು, ಮನೆ ನಂಬರು ಕೂಡಿದರೆ ಒಂಬತ್ತು. ವಾಸ್ತು ಗೊತ್ತಿದ್ದ ನಮ್ಮತ್ತೆಗೆ ವಿಡಿಯೋದಲ್ಲಿ ತೋರಿಸಿದೆ, ಅವರೂ ತಲೆಯಾಡಿಸಿದರು.

ನಮ್ಮ ತವರಿನಲ್ಲಿ ಒಂದು ಪದ್ಧತಿ. ಜಾಗ ಕೊಳ್ಳುವ ಮುಂಚೆ ಅಲ್ಲಿನ ಒಂದು ಹಿಡಿ ಮಣ್ಣು ತಂದು ವಾರ ಕಾಲ ದೇವರ ಮುಂದೆ ಇಡಬೇಕು. ಮನೆಯಲ್ಲಿ ಕೆಟ್ಟದ್ದೇನೂ ಆಗದಿದ್ದರೆ ಜಾಗ ಒಗ್ಗುತ್ತದೆ ಎಂದು ಅರ್ಥ. ಅಮ್ಮ ಫೋನಿನಲ್ಲಿ ನೆನಪಿಸಿದಳು. ಕಟ್ಟಡದ ಮುಂದಿನ ಹೂವಿನ ಪಾತಿಯಿಂದ ಮಣ್ಣು ತೆಗೆದೆ. ಥೇಟ್ ನಮ್ಮ ಕಡೆಯ ಕೆಮ್ಮಣ್ಣು. ಪರ್ಸಿನಲ್ಲಿದ್ದ ಕುಂಕುಮದ ಡಬ್ಬಿ ಖಾಲಿ ಮಾಡಿ ತುಂಬಿಕೊಂಡೆ. ಏರ್‌ಪೋರ್ಟಿನಲ್ಲಿ ಹಣ್ಣು, ಗಿಡ ಹುಡುಕುವವರು ಅದನ್ನು ಪೂಜೆ ಸಾಮಾನು ಎಂದು ಬಿಟ್ಟಿರಬೇಕು.

ವಾಪಸ್ ಬಂದವಳೇ ಅಂಕಲ್ ಮನೆಗೆ ಓಡಿದೆ. ನಮ್ಮ ಆಫರು ಒಪ್ಪಿಗೆಯಾಗಿತ್ತು. ಪೇಪರ್ ಓದಿ ಸಹಿ ಹಾಕಲು, ಬೇಡವೆಂದರೆ ಹಿಂದೆ ಸರಿಯಲು, ಸೋಮವಾರದವರೆಗೆ ಸಮಯವಿತ್ತು. ನಮ್ಮ ಕಡೆಯಿಂದ ಅಂಕಲ್ಲೇ ನೋಡಿಕೊಳ್ಳಲಿ, ಕಮಿಷನ್ ನಮ್ಮವರಿಗೇ ಸಿಗಲಿ ಎಂದು ನನ್ನ ಆಸೆ.

ಅಂಕಲ್ ಮೊದಲ ಪುಟ ತಿರುಗಿಸಿದರು. ಎರಡನೆಯದನ್ನೂ ಓದಿದರು. ಕನ್ನಡಕ ತೆಗೆದು ಮೂಗಿನ ಮೇಲಿನ ಗುರುತು ಉಜ್ಜಿಕೊಂಡರು.

"ನಂದು ಇಲಿನಾಯ್ ಲೈಸೆನ್ಸ್ ಅಮ್ಮಾ. ಸ್ಟೇಟ್ ಲೈನ್ ದಾಟಿದ್ರೆ ನಾನು ಬರೀ ಟೂರಿಸ್ಟು. ಅಲ್ಲಿನ ಆಸ್ತಿ ಬಗ್ಗೆ ಬಾಯಿ ಬಿಡೋ ಹಾಗಿಲ್ಲ."

"ನಮ್ಮೊಳಗೇ ಹೇಳಿ ಅಂಕಲ್, ಒಳ್ಳೇದಾ, ಕೆಟ್ಟದ್ದಾ?"

"ಇವತ್ತು ನಮ್ಮೊಳಗೆ, ನಾಳೆ ಇನ್ನೊಬ್ರೊಳಗೆ. ಆಮೇಲೆ ರೂಲ್ ಯಾಕೆ?"

ನನಗೆ ಪಿತ್ತ ನೆತ್ತಿಗೇರಿತು. ಆದರೂ ಸಡಗರ ತಡೆಯಲಾಗದೆ ಡಬ್ಬಿ ತೆರೆದು ತೋರಿಸಿದೆ. ಅವರು ಹಾವು ಕಂಡವರಂತೆ ಹಿಂದೆ ಸರಿದರು. ಆ ದ್ವೀಪದ ಮಣ್ಣನ್ನು ಹೀಗೆ ಹೊತ್ತು ತರುವಂತಿಲ್ಲ, ಅದರಲ್ಲಿ ಹುಳ, ರೋಗ ಏನಿರುತ್ತದೋ ಎಂದು ಗದರಿದರು. ಮಣ್ಣನ್ನು ಒಂದು ಪ್ಲಾಸ್ಟಿಕ್ ಚೀಲಕ್ಕೆ ಸುರಿದುಕೊಂಡು ಖಾಲಿ ಡಬ್ಬಿಯನ್ನು ನನಗೆ ಕೊಟ್ಟರು. ಆಮೇಲೆ ಸ್ವಲ್ಪ ಮೆತ್ತಗೆ ಕೇಳಿದರು.

"ಯಾರ ಮಣ್ಣಮ್ಮ ಇದು?"

"ನಮ್ಮದೇ ಅಂಕಲ್. ಸೋಮವಾರದಿಂದ."

ಶನಿವಾರ ಕ್ಲಾಸಿಗೆ ಈ ಪೇಪರ್ ತಗೊಂಡು ಬಾ ಎಂದರು, ಅಷ್ಟೇ. ಮನೆಗೆ ಬಂದು ಗಂಡನ ಮುಂದೆ ಕೂಗಾಡಿದೆ. ಅಂಕಲ್ ತನಗೆ ಕಮಿಷನ್ ಸಿಗದು ಎಂದು ಗೊತ್ತಾಗಿ ಮುಖ ಸಣ್ಣದು ಮಾಡಿಕೊಂಡರು ಎಂದುಬಿಟ್ಟೆ. ಆ ಮಾತು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಶನಿವಾರ ಅಂಕಲ್ ಬೋರ್ಡಿನ ಮೇಲೆ ಎರಡು ಪದ ಬರೆದರು. ಫೀ ಸಿಂಪಲ್, ಲೀಸ್‌ಹೋಲ್ಡ್. ಮೊದಲನೆಯದರಲ್ಲಿ ನೆಲವೂ ನಿಮ್ಮದು, ಮನೆಯೂ ನಿಮ್ಮದು. ಎರಡನೆಯದರಲ್ಲಿ ನೆಲ ಇನ್ನೊಬ್ಬರದು. ನೀವು ಕೊಳ್ಳುವುದು ಒಪ್ಪಂದದಲ್ಲಿ ಉಳಿದ ವರ್ಷಗಳನ್ನು ಮಾತ್ರ. ದ್ವೀಪವೆಂದರೆ ನೆಲ ಇರುವುದೇ ಅಷ್ಟು, ಹಳೇ ಒಡೆಯರು ಮಾರದೆ ಹೀಗೆ ವರ್ಷಗಳ ಲೆಕ್ಕದಲ್ಲಿ ಕೊಡುವುದು ಅಲ್ಲಿ ಇದೆ ಎಂದರು. ಪರೀಕ್ಷೆಗೆ ಬರುವ ಪಾಠವೇ. ಆಮೇಲೆ ನನ್ನ ಕಡೆ ತಿರುಗಿದರು.

"ನಿನ್ನ ಪೇಪರ್ ತೆಗಿ. ಸಲಹೆ ಕೊಡೋಕೆ ಲೈಸೆನ್ಸ್ ಬೇಕು. ಓದೋಕೆ ಬೇಡ. ಜೋರಾಗಿ ಓದು."

ಓದಿದೆ. ಮೊದಲ ಪುಟದಲ್ಲೇ ಇತ್ತು, ದೊಡ್ಡ ಅಕ್ಷರದಲ್ಲಿ: ಲೀಸ್‌ಹೋಲ್ಡ್. ಅಲ್ಲಿನ ಏಜೆಂಟ್ ಏನನ್ನೂ ಮುಚ್ಚಿಟ್ಟಿರಲಿಲ್ಲ. ಬಾಗಿಲ ದಿಕ್ಕು ನೋಡಿದ ನಾನು ಕಾಗದದ ಮೊದಲ ಪುಟ ನೋಡಿರಲಿಲ್ಲ. ಅಂಕಲ್ ಮಧ್ಯೆ ಒಮ್ಮೆ ತಡೆದು, ಹಿಂದಿನ ವಾಕ್ಯ ಇನ್ನೊಂದು ಸಲ ಎಂದರು. ಅವಧಿ ಮುಗಿದ ದಿನ ಅಪಾರ್ಟ್‌ಮೆಂಟನ್ನು ನೆಲದ ಒಡೆಯರಿಗೆ ಒಪ್ಪಿಸಿ ಹೊರಡಬೇಕು ಎಂದಿತ್ತು. ಪಕ್ಕದಲ್ಲಿದ್ದವಳು ಬೆರಳು ಮಡಚಿ ಲೆಕ್ಕ ಹಾಕಿ, "ನಿಮ್ಮ ಮಗಳು ಕಾಲೇಜು ಮುಗಿಸೋ ಹೊತ್ತಿಗೆ ಖಾಲಿ ಮಾಡ್ಬೇಕು ಕಣ್ರೀ" ಎಂದಳು. ನನ್ನ ಮಗಳು ಆಗ ಮೂರನೇ ಗ್ರೇಡು.

ಅಪ್ಪನ ಸೈಟು, ಆ ನಾಲ್ಕು ಕಲ್ಲು... ಎಲ್ಲ ಕೊಟ್ಟು ಒಂದು ಹಿಡಿ ನೆಲವೂ ಇಲ್ಲದ್ದನ್ನು ಕೊಳ್ಳಲು ಹೊರಟಿದ್ದೆ. ಅವತ್ತು ಅವಲಕ್ಕಿ ಇಳಿಯಲಿಲ್ಲ. ಸೋಮವಾರಕ್ಕೆ ಕಾಯದೆ ಅವತ್ತೇ ಮಧ್ಯಾಹ್ನ ಬೇಡವೆಂದು ಮೇಲ್ ಕಳಿಸಿದೆವು. ಎದೆಯ ಮೇಲಿನ ಕಲ್ಲು ಇಳಿಸಿದ ಹಾಗಾಯಿತು.

"ನಮ್ಮೂರಲ್ಲಿ ಭೋಗ್ಯಕ್ಕೆ ಹಾಕ್ಕೊಂಡ್ರೆ ಕೊನೇಲಿ ದುಡ್ಡಾದ್ರೂ ವಾಪಸ್ ಬರತ್ತೆ" ಎಂದು ನನ್ನ ಗಂಡ ಮಂಡಿ ನೀವಿಕೊಳ್ಳುತ್ತ ನಕ್ಕರು.

ಮರುವರ್ಷ ಇಲ್ಲೇ, ಹಿತ್ತಲಿರುವ ಒಂದು ಮನೆ ಕೊಂಡೆವು. ಆಗ ಅಂಕಲ್ ಬಾಯಿ ಬಿಟ್ಟರು ನೋಡಿ, ಇಲಿನಾಯ್ ತಾನೇ! ಸರ್ವೆ ನಕ್ಷೆ ಹಿಡಿದು, ಹುಲ್ಲು ಕೆದಕಿ, ನಾಲ್ಕು ಮೂಲೆಯಲ್ಲೂ ಹೂತಿದ್ದ ಕಬ್ಬಿಣದ ಗೂಟ ಹುಡುಕಿ ತೋರಿಸಿದರು. ಪ್ರತಿ ಗೂಟವನ್ನೂ ಬೂಟಿನ ತುದಿಯಿಂದ ತಟ್ಟಿ, "ಇದು ನಿಂದು" ಎಂದರು. ನಾಲ್ಕನೆಯದರ ಹತ್ತಿರ ನಾನು ಅತ್ತುಬಿಟ್ಟೆ. ಅವರು ನೋಡದವರಂತೆ ನಕ್ಷೆ ಮಡಿಸುತ್ತ ನಿಂತರು. ಅವತ್ತಾದರೂ ಥ್ಯಾಂಕ್ಸ್ ಹೇಳಬಹುದಿತ್ತು... ಕಾಫಿ ಕೊಟ್ಟೆ, ಅಷ್ಟೇ.

ಎರಡು ಚಳಿಗಾಲದ ಹಿಂದೆ ಅಂಕಲ್ ಹೋಗಿಬಿಟ್ಟರು. ನಾನು ಆಗ ಅಮ್ಮನ ಬಳಿ ಮೈಸೂರಿನಲ್ಲಿದ್ದೆ. ತಿರುಗಿ ಬರುವಷ್ಟರಲ್ಲಿ ಅವರ ಮನೆ ಖಾಲಿಯಾಗಿ, ಆಂಟಿ ಡೆಟ್ರಾಯಿಟ್ ಹತ್ತಿರ ಕ್ಯಾಂಟನ್‌ನಲ್ಲಿರುವ ಮಗಳ ಮನೆ ಸೇರಿದ್ದರು. ಹೋಗಬೇಕು ಹೋಗಬೇಕು ಎನ್ನುತ್ತಲೇ ದಿನ ಕಳೆದಿತ್ತು. ಡಬ್ಬಿ ಸಿಕ್ಕ ಮೇಲೆ ಮನಸ್ಸು ತಡೆಯಲಿಲ್ಲ. ಹಬ್ಬ ಮುಗಿದ ಶನಿವಾರವೇ ಹೊರಟೆವು.

ಆಂಟಿ ಸೊರಗಿದ್ದರು. ಅವಲಕ್ಕಿಗೆ ಮಾತ್ರ ಅದೇ ರುಚಿ. ಡಬ್ಬಿ ತೋರಿಸಿದೊಡನೆ ನಗು ಬಂತು ಅವರಿಗೆ.

"ಅಯ್ಯೋ, ಆ ಮಣ್ಣಾ? ಓವನ್‌ನಲ್ಲಿಟ್ಟು ಸುಟ್ರು ಕಣೇ ಅದನ್ನ! ಹುಳ ಗಿಳ ಇದ್ರೆ ಸಾಯ್ಲಿ ಅಂತ. ನನ್ನ ಕೇಕ್ ಟ್ರೇ ಹಾಳಾಯ್ತು."

ನಾನೂ ನಕ್ಕೆ. ಅವರು ಡಬ್ಬಿಯ ಮುಚ್ಚಳ ಹಾಕುತ್ತ ಮತ್ತೆ ಹೇಳಿದರು.

"ಆ ವಾರ ಎಲ್ಲ ಒದ್ದಾಡಿದ್ರು. ಓದಿದ್ಮೇಲೂ ಅವಳಿಗೆ ಗೊತ್ತಾಗ್ದೇ ಹೋದ್ರೆ ಏನೇ ಮಾಡ್ಲಿ ಅಂತ. ಗೊತ್ತಾಗ್ಲಿಲ್ಲ ಅಂದ್ರೆ ಲೈಸೆನ್ಸ್ ವಾಪಸ್ ಕೊಟ್ಟು, ಬರೀ ಆಚೆ ಬೀದಿಯವನಾಗಿ ಹೋಗಿ ಹೇಳ್ಬಿಡ್ತೀನಿ ಅಂದಿದ್ರು."

ಆಂಟಿ ಒಳಗಿನಿಂದ ಅಂಕಲ್‌ರ ಹಳೇ ಫೈಲು ತಂದರು. ಅದರಲ್ಲೊಂದು ಕಂದು ಲಕೋಟೆ. ಒಳಗೆ ಸುಟ್ಟು ಕಪ್ಪಿಟ್ಟ ಆ ಮಣ್ಣಿನ ಪೊಟ್ಟಣ. ಲಕೋಟೆಯ ಮೇಲೆ, ಬೋರ್ಡಿನ ಮೇಲೆ ಬರೆಯುತ್ತಿದ್ದ ಅದೇ ದುಂಡು ಅಕ್ಷರದಲ್ಲಿ ನನ್ನ ಹೆಸರಿತ್ತು. ಅದರ ಕೆಳಗೆ ಒಂದು ಸಾಲು: "ಮಾಲೀಕರು: ಇವಳಲ್ಲ. ಸದ್ಯ!"

ಓದಿ ನಕ್ಕೆನೋ ಅತ್ತೆನೋ ಗೊತ್ತಿಲ್ಲ. ಆಂಟಿ ಬೆನ್ನು ಸವರುತ್ತಿದ್ದರು. ಹೊರಡುವಾಗ ಲಕೋಟೆಯನ್ನು ಮಾತ್ರ ಕೇಳಿ ತೆಗೆದುಕೊಂಡೆ. ಮಣ್ಣು ಅಲ್ಲೇ ಬಿಟ್ಟೆ, ನನ್ನದಲ್ಲವಲ್ಲ. ಈಗ ಆ ಲಕೋಟೆ ನಮ್ಮ ಮನೆಯ ಪತ್ರಗಳ ಜೊತೆಗಿದೆ. ನಿನ್ನೆ ಸಂಜೆ ಹಿತ್ತಲಿಗೆ ಹೋಗಿ ನಾಲ್ಕನೆಯ ಗೂಟದ ಸುತ್ತ ಹುಲ್ಲು ಕಿತ್ತೆ. ಥ್ಯಾಂಕ್ಸ್ ಅಂಕಲ್ ಎಂದು ಬಾಯಿಬಿಟ್ಟೇ ಹೇಳಿದೆ, ಕೇಳಿಸಿಕೊಳ್ಳಲು ಅವರಿರಲಿಲ್ಲ.