ಒಣಮೀನಿನ ತಕರಾರು

ಸಾವಿರದ ಒಂಬೈನೂರಾ ಅರವತ್ತರ ಸುಮಾರಿಗೆ ದಾಂಡೇಲಿಯೊಳಗ ಕಾಗದದ ಮಿಲ್ಲಿನ ಚಾಳಿನ ತಕರಾರು ಕೇಳೂದು ನನ್ನ ಕೆಲಸಾಗಿತ್ತು. ಧಾರವಾಡ ಕಡೆಯವರೇ ತುಂಬಿದ್ದ ಓಣಿಗೆ ಒಂದು ಮಲಯಾಳಿ ಕುಟುಂಬ ಬಂತು. ಮೊದಲನೇ ರವಿವಾರ ಆ ಮನಿಯಾಕಿ ಒಣಮೀನು ಹುರಿದ್ಲು. ಬಾಜೂ ಮನಿಯಾಂವ ಧೋತರದ ಚುಂಗು ಮೂಗಿಗೆ ಹಿಡಕೊಂಡು ನನ್ನ ಬಾಗಲಕ್ಕ ಬಂದ.

"ಈ ನಾತದಾಗ ಮನಷ್ಯಾರು ಇರೂದು ಹೆಂಗ್ರೀ? ಅವರನ್ನ ಬ್ಯಾರೆ ಕಡೆ ಹಾಕ್ರಿ."

ಅಷ್ಟರಾಗ ಗಾಳಿ ತಿರುಗಿ, ಮಿಲ್ಲಿನಾಗ ಬಿದಿರು ಬೇಯಿಸೂ ವಾಸನಿ, ಕೊಳೆತ ತತ್ತಿಯಂಥಾದ್ದು, ಓಣಿ ತುಂಬಿತು. ಅಂವ ಚುಂಗು ಕೆಳಗ ಬಿಟ್ಟು ಆರಾಮ ಉಸಿರಾಡಿದ.

"ಇದು ನಾರೂದಿಲ್ಲೇನು?" ಅಂತ ಸಿಟ್ಟಿಲೆ ಕೇಳಿದ್ನಿ.

"ಇದು ನಮ್ಮ ಮಿಲ್ಲಿನ ವಾಸನಿ ಅಲ್ಲೇನ್ರೀ."

ನನಗ ಮೈಯೆಲ್ಲಾ ಉರೀತು. ಆ ಬಿದಿರು ಬೇಯಿಸೂ ಪಾಳಿಗೆ ಬಂದಾಂವನೇ ಆ ಮಲಯಾಳಿ ಅಂತ ಹೇಳಿದ್ನಿ.

ಅಂವ ಮತ್ತ ಚುಂಗು ಮೂಗಿಗೆ ಹಿಡಕೊಂಡ.